ಟಾಮಿ ಡಗ್ಲಸ್: ಎರಡು ಸರಕಾರಗಳನ್ನು ಒಂದೇ ಹೊಣೆಗೆ ಹೂಡಿದ ಮುಖಂಡ

ಹೊಟ್ಟೆಪಾಡಿಗಾಗಿ ಊರು ಬಿಟ್ಟವನು ಕಾಯಿಲೆ ಬಿದ್ದಾಗ ಅವನೆದುರು ಎರಡು ಪ್ರಶ್ನೆಗಳು ನಿಲ್ಲುತ್ತವೆ. ಚಿಕಿತ್ಸೆಗೆ ಹಣ ಕೊಡುವವರು ಯಾರು? ಪರಪ್ರಾಂತದಲ್ಲಿ ತನ್ನ ಹೊಣೆ ಹೊರುವ ಸರಕಾರ ಯಾವುದು? ಕೆನಡಾ ದೇಶದಲ್ಲಿ ಇವಕ್ಕೆ ಉತ್ತರ ದೊರಕಿಸಲು ಹೆಣಗಿದ ಟಾಮಿ ಡಗ್ಲಸರ ಚರಿತ್ರೆಯನ್ನು ವಾಚಕರ ಮುಂದಿಡಲು ನಾವು ಇಚ್ಛಿಸುತ್ತೇವೆ.

ಡಗ್ಲಸರು 1904ರ ಅಕ್ಟೋಬರ್ 20ರಂದು ಸ್ಕಾಟ್ಲೆಂಡಿನ ಫಾಲ್ಕರ್ಕ್ ಎಂಬಲ್ಲಿ ಜನಿಸಿದರು. ತಂದೆ ಕಬ್ಬಿಣದ ಎರಕದ ಕೆಲಸಗಾರರು. ಆ ಕುಟುಂಬವು ವಲಸೆ ಹೋಗಿ ಕೆನಡಾದ ವಿನ್ನಿಪೆಗ್ ನಗರವನ್ನು ಸೇರಿತು. ಬಾಲಕನ ಕಾಲಿನ ಮೂಳೆಗೆ ರೋಗ ತಗಲಿ, ಕಾಲು ಕತ್ತರಿಸಬೇಕಾದ ಸ್ಥಿತಿ ಬಂದಿತು. ಆಗ ಒಬ್ಬ ನುರಿತ ಶಸ್ತ್ರವೈದ್ಯರು, ತಮ್ಮ ವಿದ್ಯಾರ್ಥಿಗಳು ನೋಡಿ ಕಲಿಯಲು ಒಪ್ಪಿದರೆ ಸಾಕೆಂದು, ಹಣವಿಲ್ಲದೆ ಚಿಕಿತ್ಸೆ ಮಾಡಿ ಕಾಲನ್ನು ಉಳಿಸಿದರು. ಬಡವನ ಕಾಲು ಒಬ್ಬರ ದಯೆಯನ್ನು ನೆಚ್ಚಿಕೊಂಡಿರಬಾರದೆಂಬ ಭಾವನೆ ಮುಂದೆ ಡಗ್ಲಸರಲ್ಲಿ ಬೇರೂರಿತು.

ಮುದ್ರಣಾಲಯದಲ್ಲಿ ಕೆಲಸ ಕಲಿತು, ಬಳಿಕ ಕಾಲೇಜು ಓದಿ, ಅವರು ಸಸ್ಕಾಚೆವಾನ್ ಪ್ರಾಂತದ ವೇಬರ್ನ್ ಪಟ್ಟಣದಲ್ಲಿ ಪಾದ್ರಿಗಳಾದರು. 1930ರ ದಶಕದ ಬರಗಾಲದಲ್ಲಿ ರೈತರು ಪಟ್ಟ ಪಾಡು ಅವರನ್ನು ರಾಜಕಾರಣಕ್ಕೆ ಎಳೆಯಿತು. 1935ರಲ್ಲಿ ಸಂಸತ್ತಿಗೆ ಆಯ್ಕೆಯಾದರು. 1944ರಲ್ಲಿ ಪ್ರಾಂತದ ಮುಖ್ಯಮಂತ್ರಿಗಳಾಗಿ ಆರೋಗ್ಯ ಖಾತೆಯನ್ನೂ ತಾವೇ ವಹಿಸಿಕೊಂಡರು.

1867ರ ಶಾಸನದಂತೆ ಆಸ್ಪತ್ರೆಗಳು ಪ್ರಾಂತಗಳ ಹೊಣೆ. ಹೆಚ್ಚಿನ ತೆರಿಗೆಯ ಆದಾಯವಾದರೋ ಕೇಂದ್ರದ ಕೈಯಲ್ಲಿತ್ತು. ಅಡಿಗೆ ಒಬ್ಬನದು, ಗಲ್ಲಾಪೆಟ್ಟಿಗೆ ಇನ್ನೊಬ್ಬನದು ಎಂಬಂಥ ಈ ಏರ್ಪಾಡಿನ ಇಕ್ಕಟ್ಟನ್ನು ಹೋಟೆಲು ನಡೆಸಿದ ನಾವು ಬಲ್ಲೆವು. ವೆಚ್ಚ ಹಂಚಿಕೊಳ್ಳುವ ಕುರಿತು 1945-46ರಲ್ಲಿ ನಡೆದ ಮಾತುಕತೆ ತೆರಿಗೆಯ ವಿವಾದದಿಂದ ಮುರಿದುಬಿತ್ತು. ಡಗ್ಲಸರು ಕಾಯಲಿಲ್ಲ. 1947ರ ಜನವರಿ 1ರಿಂದ ತಮ್ಮ ಪ್ರಾಂತದಲ್ಲಿ ಆಸ್ಪತ್ರೆ ವಿಮೆಯನ್ನು ಜಾರಿಗೆ ತಂದರು. ತಲೆಗೆ ವರುಷಕ್ಕೆ 5 ಡಾಲರು, ಕುಟುಂಬಕ್ಕೆ ಹೆಚ್ಚೆಂದರೆ 30 ಡಾಲರು ವಂತಿಗೆ; ಉಳಿದುದನ್ನು ಪ್ರಾಂತದ ಬೊಕ್ಕಸವೇ ಭರಿಸಿತು.

ಹತ್ತು ವರುಷಗಳ ತರುವಾಯ, 1957ರಲ್ಲಿ, ಪ್ರಾಂತಗಳ ಆಸ್ಪತ್ರೆ ವೆಚ್ಚದಲ್ಲಿ ಸುಮಾರು ಅರ್ಧವನ್ನು ಕೇಂದ್ರವು ಕೊಡುವ ಶಾಸನವಾಯಿತು. ಹೀಗೆ ಉಳಿದ ಹಣವು ವೈದ್ಯರ ಶುಲ್ಕವನ್ನೂ ವಿಮೆಗೆ ಸೇರಿಸುವ ಧೈರ್ಯವನ್ನು ಡಗ್ಲಸರಿಗೆ ನೀಡಿತು. 1961ರಲ್ಲಿ ಅವರು ರಾಷ್ಟ್ರೀಯ ಪಕ್ಷದ ನಾಯಕರಾಗಿ ತೆರಳಿದರು. 1962ರ ಜುಲೈ 1ರಂದು ಆ ಯೋಜನೆ ಜಾರಿಗೆ ಬಂದಾಗ ವೈದ್ಯರು 23 ದಿವಸ ಮುಷ್ಕರ ಹೂಡಿದರು. ಉತ್ತರಾಧಿಕಾರಿ ವುಡ್ರೋ ಲಾಯ್ಡರು ಕದಲಲಿಲ್ಲ. ಇದೇ ವಿವಾದದ ಕಾವಿನಲ್ಲಿ ಡಗ್ಲಸರು ಆ ವರುಷದ ಜೂನ್ ಚುನಾವಣೆಯಲ್ಲಿ ಸ್ವತಃ ಸೋತಿದ್ದರು.

ಆದರೆ ಕಾರ್ಯ ಸೋಲಲಿಲ್ಲ. ಪಿಯರ್ಸನ್ ಸರಕಾರವು 1966ರಲ್ಲಿ ವೈದ್ಯ ವಿಮೆಗೂ ಅರ್ಧ ಪಾಲು ಕೊಡಲು ಶಾಸನ ಮಾಡಿತು. 1971ರ ವೇಳೆಗೆ ಹತ್ತೂ ಪ್ರಾಂತಗಳು ಸೇರಿದವು. ಹಣದೊಡನೆ ಕೇಂದ್ರವು ಕರಾರುಗಳನ್ನೂ ಹಾಕಿತ್ತು. ಒಂದು ಪ್ರಾಂತ ಬಿಟ್ಟು ಇನ್ನೊಂದಕ್ಕೆ ಹೋದವನ ರಕ್ಷಣೆ ನಡುದಾರಿಯಲ್ಲಿ ತಪ್ಪಕೂಡದೆಂಬುದು ಅವುಗಳಲ್ಲೊಂದು. ಪ್ರಾಂತವೊಂದೇ ಈ ಭರವಸೆಯನ್ನು ನೀಡಲಾರದು. ಚಿಕಿತ್ಸೆಯನ್ನು ಹತ್ತಿರದಿಂದ ನಡೆಸುವುದು ಕೇಂದ್ರಕ್ಕೂ ಸಾಧ್ಯವಿಲ್ಲ.

1977ರಲ್ಲಿ ಅರ್ಧಪಾಲಿನ ಲೆಕ್ಕ ಬದಲಾಯಿತು. ಪಾಲಿನ ಜಗ್ಗಾಟ ಇಂದಿಗೂ ನಿಂತಿಲ್ಲ. ಡಗ್ಲಸರು 1986ರ ಫೆಬ್ರವರಿ 24ರಂದು ತೀರಿಕೊಂಡರು. ನಮ್ಮ ದೇಶದಲ್ಲಿಯೂ ಆಸ್ಪತ್ರೆಗಳು ರಾಜ್ಯಗಳ ಹೊಣೆಯೇ. ರಾಜ್ಯ ದಾಟಿ ದುಡಿಯುವ ನಮ್ಮವರು, ಸರಕಾರಗಳು ಹೊಣೆಯನ್ನು ಒಂದರ ಮೇಲೊಂದು ಹಾಕುವುದನ್ನು ಕಂಡಾಗ, ಹಣವನ್ನೂ ಕೆಲಸವನ್ನೂ ಹಂಚಿಕೊಳ್ಳಿರೆಂದು ಇಬ್ಬರನ್ನೂ ಕೇಳಲು ಹಕ್ಕುಳ್ಳವರೆಂದು ನಾವು ನಂಬುತ್ತೇವೆ.