ಗುಬ್ಬಿಯ ಹೆಸರು ಕೇಳಿದ ಹುಡುಗ: ಡಾ. ಸಲೀಂ ಅಲಿ



ಶಿವರಾತ್ರಿ ಕಳೆದು ಹೊಂಗೆ ಚಿಗುರುವ ಕಾಲವಿದು. ಹಿತ್ತಲ ನುಗ್ಗೆ ಮರಕ್ಕೆ ಬರುವ ಹಕ್ಕಿಗಳನ್ನು ಗಮನಿಸಿದ್ದೀರಾ? ಗುಬ್ಬಿ ಎಂಬ ಊರೇ ಇರುವ ಜಿಲ್ಲೆ ನಮ್ಮದು. ಒಂದು ಗುಬ್ಬಿಯಿಂದ ಬದುಕಿನ ದಾರಿ ಕಂಡುಕೊಂಡವರೊಬ್ಬರ ವಿಚಾರ ತಿಳಿಯೋಣ.

ಸಲೀಂ ಅಲಿ 1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಹುಟ್ಟಿದರು. ಎಳವೆಯಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು ಸೋದರಮಾವನ ಆಶ್ರಯದಲ್ಲಿ ಬೆಳೆದರು. ಸುಮಾರು ಹತ್ತು ವರ್ಷದವರಿದ್ದಾಗ ಏರ್‌ಗನ್ನಿನಿಂದ ಒಂದು ಗುಬ್ಬಿಯನ್ನು ಹೊಡೆದರು. ಅದರ ಕೊರಳಲ್ಲಿ ಹಳದಿ ಮಚ್ಚೆಯಿತ್ತು. ಇದಾವ ಹಕ್ಕಿ? ಮಾವನಿಗೂ ತಿಳಿಯಲಿಲ್ಲ. ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. ಅಲ್ಲಿನ ಕಾರ್ಯದರ್ಶಿ ಮಿಲ್ಲರ್ಡ್ ಹಕ್ಕಿಯ ಹೆಸರು ಹೇಳಿ, ಸಂಗ್ರಹದಲ್ಲಿದ್ದ ನೂರಾರು ಹಕ್ಕಿಗಳನ್ನು ತೋರಿಸಿದರು.

ಮುಂದಿನ ಹಾದಿ ಸುಗಮವಾಗಿರಲಿಲ್ಲ. ವಿಶ್ವವಿದ್ಯಾಲಯದ ಪದವಿಯಿಲ್ಲದ ಕಾರಣ ಬಯಸಿದ ಸರ್ಕಾರಿ ಕೆಲಸ ದೊರೆಯಲಿಲ್ಲ. ಜರ್ಮನಿಯಲ್ಲಿ ತರಬೇತಿ ಪಡೆದು 1930ರಲ್ಲಿ ಹಿಂತಿರುಗಿದಾಗ ಕೈಯಲ್ಲಿ ಉದ್ಯೋಗವಿರಲಿಲ್ಲ. ಆಗ ಕಿಹಿಮ್ ಎಂಬ ಹಳ್ಳಿಯಲ್ಲಿ ಕುಳಿತು ಗೀಜಗನನ್ನು ದಿನಗಟ್ಟಲೆ ನೋಡಿದರು. ಗೂಡು ಹೆಣೆಯುವುದು ಗಂಡು, ಒಂದೊಂದು ಗಂಡೂ ಹಲವು ಗೂಡು ಕಟ್ಟಿ ಹಲವು ಹೆಣ್ಣುಗಳನ್ನು ಕೂಡುತ್ತದೆ ಎಂದು ತೋರಿಸಿಕೊಟ್ಟರು.

1939ರಲ್ಲಿ ಪತ್ನಿ ತೆಹ್ಮಿನಾ ತೀರಿಕೊಂಡರು. ಆ ದುಃಖದ ನಡುವೆಯೇ 1939-40ರಲ್ಲಿ ಅವರು ನಮ್ಮ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಅವರ ಸಲಹೆಯಂತೆ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 1976ರಲ್ಲಿ ಪದ್ಮವಿಭೂಷಣ ಬಂದಿತು. 1987ರಲ್ಲಿ ನಿಧನರಾದರು.

ಹಳ್ಳಿಗಳಿಗೆ ಹೋದಾಗ ಹುಳು ಕಂಡೊಡನೆ ಔಷಧಿಯ ಹೆಸರು ಕೇಳುವವರೇ ಹೆಚ್ಚು. ಹಕ್ಕಿಯ ಹೆಸರು ಕೇಳುವವರು ವಿರಳ. ಗೀಜಗ, ಗುಬ್ಬಿಗಳು ಕಾಳು ತಿನ್ನುವುದು ನಿಜ. ಆದರೆ ಮರಿಗಳಿಗೆ ಅವು ಉಣಿಸುವುದು ಹುಳುಗಳನ್ನು. ಗೊರವಂಕ ನೇಗಿಲ ಹಿಂದೆ ಬಂದು ಹುಳು ಹೆಕ್ಕುತ್ತದೆ. ಕಂಡದ್ದಕ್ಕೆಲ್ಲ ವಿಷ ಸಿಂಪಡಿಸಿದರೆ ಹುಳುವಿನ ಜೊತೆಗೆ ಈ ಕೂಲಿಯಿಲ್ಲದ ಆಳುಗಳನ್ನೂ ಕಳೆದುಕೊಳ್ಳುತ್ತೀರಿ.

ಒಂದು ಮುಂಜಾನೆ ಮಕ್ಕಳೊಡನೆ ಕುಣಿಗಲ್ ದೊಡ್ಡಕೆರೆಯ ಏರಿಯ ಮೇಲೋ, ತುಮಕೂರಿನ ಅಮಾನಿಕೆರೆಯ ಬಳಿಯೋ ಸದ್ದಿಲ್ಲದೆ ಕುಳಿತು ನೋಡಿ. ಕಂಡ ಹಕ್ಕಿ, ದಿನ, ಸ್ಥಳ ಬರೆದಿಡಿ. ಮುಂಗಾರಿನಲ್ಲಿ ತೊಗರಿ ಬಿತ್ತಿದಾಗ ಹೊಲದಲ್ಲಿ ಅಲ್ಲಲ್ಲಿ ಕವಲುಕಡ್ಡಿ ನೆಡಿ. ಕಾಜಾಣ ಅದರ ಮೇಲೆ ಕುಳಿತು ಕಾಯಿಕೊರಕ ಹುಳುವನ್ನು ಹಿಡಿದು ತಿನ್ನುತ್ತದೆ.

ಮಗು ಹಿತ್ತಲಿನಿಂದ ಓಡಿಬಂದು ಇದಾವ ಹಕ್ಕಿ ಎಂದು ಕೇಳಿದರೆ ಗದರಬೇಡಿ. ತಿಳಿಯದಿದ್ದರೆ ತಿಳಿದವರ ಬಳಿಗೆ ಕಳುಹಿಸಿ. ಸಲೀಂ ಅಲಿಯವರ ಮಾವ ಮಾಡಿದ್ದೂ ಅಷ್ಟೇ.