ಭಜನೆಯ ಬಲ ತೋರಿದ ಪಲುಸ್ಕರರು

ಸಿಟ್ಟು ಬಂದಾಗ ಕೈ ಎತ್ತುವುದು ಸುಲಭ. ಆ ಸಿಟ್ಟನ್ನು ಕಂಠದಲ್ಲಿ ತಡೆದು ನಾದವಾಗಿ ಹರಿಸುವುದಕ್ಕೆ ಸಾಧನೆ ಬೇಕು. ಸಂಗೀತವನ್ನು ಹಿರಿಯರು ಉಪಾಸನೆ ಎಂದು ಕರೆದದ್ದು ಇದಕ್ಕಾಗಿಯೇ. ಇಂತಹ ನಾದೋಪಾಸಕರಲ್ಲಿ ಒಬ್ಬರಾದ ಪಂಡಿತ ವಿಷ್ಣು ದಿಗಂಬರ ಪಲುಸ್ಕರರ ಜೀವನವನ್ನು ಇಂದು ಸದ್ಭಕ್ತರ ಮುಂದಿಡಲು ಬಯಸುತ್ತೇವೆ.

1872ರ ಆಗಸ್ಟ್ 18ರಂದು ಕುರುಂದವಾಡದಲ್ಲಿ ಅವರ ಜನನ. ತಂದೆ ದಿಗಂಬರಪಂತರು ಕೀರ್ತನಕಾರರು. ಬಾಲ್ಯದಲ್ಲಿ ಉತ್ಸವವೊಂದರಲ್ಲಿ ಪಟಾಕಿ ಸಿಡಿದು ಬಾಲಕನ ದೃಷ್ಟಿ ಮಂದವಾಯಿತು, ಶಾಲೆಯ ಓದು ಕೈತಪ್ಪಿತು. ಕಣ್ಣು ಕಳೆದುಕೊಂಡದ್ದನ್ನು ಕಿವಿ ತುಂಬಿಕೊಟ್ಟಿತು. ಮಿರಜಿನಲ್ಲಿ ಬಾಳಕೃಷ್ಣಬುವಾ ಇಚಲಕರಂಜೀಕರರ ಬಳಿ ವರ್ಷಗಟ್ಟಲೆ ಗುರುಸೇವೆ ಮಾಡಿ ವಿದ್ಯೆ ಪಡೆದರು. ಇದೇ ಗುರುಗಳ ಇನ್ನೊಬ್ಬ ಶಿಷ್ಯರಾದ ನೀಲಕಂಠಬುವಾ ಅವರೇ ಮುಂದೆ ನಮ್ಮ ಮಲ್ಲಿಕಾರ್ಜುನ ಮನಸೂರರಿಗೆ ಪಾಠ ಹೇಳಿದವರು.

ಆಗ ಸಂಗೀತ ಅರಮನೆಯ ಸೊತ್ತಾಗಿತ್ತು. ಗವಾಯಿಗೆ ಬಿರುದು ಸಿಗುತ್ತಿತ್ತು, ಮರ್ಯಾದೆ ಸಿಗುತ್ತಿರಲಿಲ್ಲ. ಗೃಹಸ್ಥರು ಮಕ್ಕಳನ್ನು ಹಾಡಲು ಕಳಿಸಲು ಹಿಂಜರಿಯುತ್ತಿದ್ದರು. 1896ರಲ್ಲಿ ಪಲುಸ್ಕರರು ರಾಜಾಶ್ರಯ ಬಿಟ್ಟು ಹೊರಟರು. ಊರೂರು ತಿರುಗಿ ಸಾಮಾನ್ಯ ಜನರೆದುರು ಹಾಡಿದರು. 1901ರ ಮೇ 5ರಂದು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ಸ್ಥಾಪಿಸಿದರು. 1908ರಲ್ಲಿ ಮುಂಬಯಿಯಲ್ಲಿಯೂ ಶಾಲೆ ತೆರೆದರು. ದುಶ್ಚಟಗಳಿಗೆ ಅಲ್ಲಿ ಎಡೆಯಿರಲಿಲ್ಲ. ಓಂಕಾರನಾಥ ಠಾಕೂರ, ವಿನಾಯಕರಾವ ಪಟವರ್ಧನರಂತಹ ಶಿಷ್ಯರು ಅಲ್ಲಿ ಬೆಳೆದರು.

ದೇಶವೇ ಪರಾಧೀನವಾಗಿರುವಾಗ ರಾಗ ವಿಸ್ತಾರವೊಂದೇ ಸಾಕೆಂದು ಅವರು ಸುಮ್ಮನಿರಲಿಲ್ಲ. ಕಾಂಗ್ರೆಸ್ ಅಧಿವೇಶನಗಳಲ್ಲಿ ವಂದೇ ಮಾತರಂ ಹಾಡಿದರು. ರಾಮನಾಮದ ಧುನ್‌ಗೆ ಎಲ್ಲರ ಬಾಯಿಗೂ ನಿಲುಕುವ ಸರಳವಾದ ಧಾಟಿ ಕೂರಿಸಿದರು. ಸಾಬರಮತಿ ಆಶ್ರಮಕ್ಕೆ ಒಬ್ಬ ಸಂಗೀತಗಾರ ಬೇಕೆಂದು ಗಾಂಧೀಜಿ ಕೇಳಿದಾಗ ಶಿಷ್ಯ ನಾರಾಯಣ ಮೋರೇಶ್ವರ ಖರೆ ಅವರನ್ನು ಕಳಿಸಿಕೊಟ್ಟರು. ಆಶ್ರಮದ ಭಜನೆಗಳನ್ನು ಕೂಡಿಸಿ ಭಜನಾವಳಿ ಸಿದ್ಧಪಡಿಸಿದವರು ಅವರೇ.

ಆ ಬೀಜದ ಫಲ 1930ರಲ್ಲಿ ಕಂಡಿತು. ಮಾರ್ಚ್ 12ರಂದು ಗಾಂಧೀಜಿಯೊಡನೆ ಉಪ್ಪಿನ ಸತ್ಯಾಗ್ರಹಕ್ಕೆ ಹೊರಟ ಆಶ್ರಮವಾಸಿಗಳಲ್ಲಿ ಖರೆ ಅವರೂ ಇದ್ದರು. ದಾಂಡಿಯವರೆಗೆ ಸುಮಾರು 385 ಕಿಲೋಮೀಟರ್ ದಾರಿ. ಬೇಸಿಗೆಯ ಬಿಸಿಲು, ಪ್ರತಿ ಊರಲ್ಲೂ ಜನಸಾಗರ. ಅಂತಹ ಗುಂಪಿನಲ್ಲಿ ಒಬ್ಬ ಕಲ್ಲೆತ್ತಿದರೂ ಸತ್ಯಾಗ್ರಹ ಮುರಿದು ಬೀಳುತ್ತಿತ್ತು. ಪ್ರಾರ್ಥನೆ, ಭಜನೆಗಳು ಆ ಗುಂಪನ್ನು ಸಂಯಮದಲ್ಲಿಟ್ಟವು. ಒಂದೇ ಸ್ವರ ಹಾಡುವವರು ಒಂದೇ ಹೆಜ್ಜೆ ಇಡುತ್ತಾರೆ. ಹಾಡುವ ಬಾಯಿಗೆ ಬೈಗುಳ ಬರುವುದಿಲ್ಲ, ತಾಳ ಹಿಡಿದ ಕೈಗೆ ಕಲ್ಲು ಸಿಗುವುದಿಲ್ಲ.

ಪಲುಸ್ಕರರಿಗೆ ದಕ್ಕಿದ್ದೇನು? ಸಾಲದಿಂದಾಗಿ ಮುಂಬಯಿಯ ಶಾಲೆಯ ಕಟ್ಟಡ ಹರಾಜಾಯಿತು. ಅವರು ನಾಸಿಕಕ್ಕೆ ಹೋಗಿ ರಾಮನಾಮದಲ್ಲಿ ಉಳಿದರು. 1931ರ ಆಗಸ್ಟ್ 21ರಂದು, ವಿದ್ಯೆ ಕಲಿತ ಮಿರಜಿನಲ್ಲಿಯೇ, ದೇಹ ಬಿಟ್ಟರು. ಸ್ವಾತಂತ್ರ್ಯವನ್ನು ಅವರು ಕಾಣಲಿಲ್ಲ. ಕಟ್ಟಡ ಹೋಯಿತು, ಕಲಿಸಿದ ಕಂಠಗಳು ಉಳಿದವು.

ಸದ್ಭಕ್ತರಲ್ಲಿ ನಮ್ಮದೊಂದು ಮಾತು. ನಿಮ್ಮೂರಿನ ಭಜನಾ ಮೇಳ ನಿಂತುಹೋಗಿದ್ದರೆ ತಾಳ, ಹಾರ್ಮೋನಿಯಂಗಳ ಧೂಳು ಕೊಡವಿರಿ. ಹಿರಿಯರು ಪಕ್ಕದಲ್ಲಿ ಕುಳಿತು ಮಕ್ಕಳಿಗೆ ಹೇಳಿಕೊಡಲಿ. ಓಣಿ ಓಣಿಗೆ ಮನಸ್ತಾಪವಿದ್ದರೆ ಎರಡೂ ಕಡೆಯವರನ್ನು ಒಂದೇ ಜಮಖಾನೆಯ ಮೇಲೆ ಕೂಡಿಸಿ ಹಾಡಿಸಿರಿ. ಅನ್ಯಾಯವನ್ನು ಎದುರಿಸಲೇಬೇಕು, ಆದರೆ ಎದುರಿಸುವವನ ಮನಸ್ಸು ಶ್ರುತಿಯಲ್ಲಿರಬೇಕು.