ದ್ವೀಪವಾಸಿಗಳ ವೈದ್ಯನಾದ ಪೇಟರ್ ಪಾನುಮನ ಚರಿತ್ರೆ

ದಡಾರವೆಂಬ ಬೇನೆಯ ಹೆಸರನ್ನು ಕೇಳದ ಹಳ್ಳಿಯು ನಮ್ಮ ನಾಡಿನಲ್ಲಿ ಇರಲಿಕ್ಕಿಲ್ಲ. ಮೊದಲು ಜ್ವರವೂ ಕೆಮ್ಮೂ, ಕೆಂಪೇರಿ ನೀರು ಸುರಿಸುವ ಕಣ್ಣುಗಳೂ, ಆಮೇಲೆ ಮುಖದಲ್ಲಿ ತೋರಿ ಮೈಯೆಲ್ಲಾ ಇಳಿಯುವ ಕೆಂಪು ದದ್ದುಗಳೂ ಆ ಬೇನೆಯ ಗುರುತುಗಳೆಂದು ತಾಯಂದಿರು ಬಲ್ಲರು. ಕೆಲವರು ಇದನ್ನು ಅಮ್ಮನೆಂದೂ, ಕೆಲವರು ಗಾಳಿಯ ದೋಷವೆಂದೂ, ಮತ್ತೆ ಕೆಲವರು ಮಕ್ಕಳಾದವರಿಗೆ ಬಂದೇ ತೀರುವದೆಂದೂ ಹೇಳುವರು. ಆದರೆ ಈ ಬೇನೆಯು ಎಲ್ಲಿಂದ ಬರುವದು, ಹೇಗೆ ನಡೆಯುವದು, ಎಲ್ಲಿ ನಿಲ್ಲುವದು ಎಂಬದನ್ನು ಊರೂರು ತಿರುಗಿ, ಮನೆಮನೆ ವಿಚಾರಿಸಿ, ದಿನಗಳನ್ನು ಎಣಿಸಿ ಲೋಕಕ್ಕೆ ತಿಳಿಸಿದವರಲ್ಲಿ ಡೆನ್ಮಾರ್ಕ್ ದೇಶದ ಪೇಟರ್ ಲುಡ್ವಿಗ್ ಪಾನುಮನು ಮುಖ್ಯನು. ಆತನ ಚರಿತ್ರೆಯನ್ನು ಸಭೆಗಳವರ ಪ್ರಯೋಜನಕ್ಕಾಗಿ ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ಪಾನುಮನು 1820ನೆಯ ಇಸವಿ ದಶಂಬರ 19ರಲ್ಲಿ ಬೊರ್ನ್‌ಹೋಲ್ಮ್ ದ್ವೀಪದ ರೆನ್ನೆ ಎಂಬ ಪಟ್ಟಣದಲ್ಲಿ ಹುಟ್ಟಿದನು. ಆತನ ತಂದೆಯು ದಂಡಿನ ವೈದ್ಯನಾಗಿದ್ದನು. ಮಗನೂ ಅದೇ ಮಾರ್ಗವನ್ನು ಹಿಡಿದು, ಕೋಪನ್‌ಹೇಗನ್ ಪಟ್ಟಣದಲ್ಲಿ ವೈದ್ಯವಿದ್ಯೆಯನ್ನು ಕಲಿತು, 1845ರಲ್ಲಿ ಪರೀಕ್ಷೆಯನ್ನು ಮುಗಿಸಿದನು. ಮರುವರುಷವೇ, ಇನ್ನೂ 25 ವರುಷದವನಾಗಿರುವಾಗ, ಆತನ ಹೆಸರನ್ನು ಉಳಿಸಿದ ಆ ಕೆಲಸವು ಆತನ ಪಾಲಿಗೆ ಬಂತು.

ಸ್ಕಾಟ್ಲೆಂಡಿಗೂ ಐಸ್ಲೆಂಡಿಗೂ ನಡುವೆ, ಉತ್ತರ ಸಮುದ್ರದ ಆಚೆಯಲ್ಲಿ, ಫೇರೋ ಎಂಬ ಹದಿನೆಂಟು ದ್ವೀಪಗಳುಂಟು. ಅವು ಡೆನ್ಮಾರ್ಕಿನ ಅರಸನಿಗೆ ಸೇರಿದವುಗಳು. ಅಲ್ಲಿಯ ಜನರು ಲೂಥರನ ಮತಾನುಸಾರಿಗಳಾದ ಕ್ರೈಸ್ತರು; ಕುರಿಗಳನ್ನು ಮೇಯಿಸಿ, ಮೀನು ಹಿಡಿದು, ಕಡಿದಾದ ಬಂಡೆಗಳಲ್ಲಿ ಹಕ್ಕಿಗಳನ್ನು ಹಿಡಿದು ಜೀವಿಸುತ್ತಿದ್ದರು. 1846ರಲ್ಲಿ ಅವರೆಲ್ಲರ ಸಂಖ್ಯೆಯು 7,782 ಮಾತ್ರವೇ. ವ್ಯಾಪಾರವೆಲ್ಲಾ ಅರಸನ ಕೈಯಲ್ಲಿದ್ದದ್ದರಿಂದ ಅಲ್ಲಿಗೆ ಬರುವ ಹಡಗುಗಳು ಕೆಲವೇ. ಊರೂರಿನ ನಡುವೆ ಬೆಟ್ಟಗಳೂ ರಭಸವಾದ ಸಮುದ್ರವೂ ಇದ್ದವು. ಅವರ ಮನೆಗಳು ಹೊಗೆ ತುಂಬಿದವುಗಳು. ಇಕ್ಕಟ್ಟಾದ ಕೋಣೆಗಳಲ್ಲಿ ಬಹುಮಂದಿ ಮಲಗುತ್ತಿದ್ದರು. ಹೀಗಿದ್ದರೂ ಅವರ ಸರಾಸರಿ ಆಯುಷ್ಯವು 44 ವರುಷಕ್ಕೆ ಮೇಲಾಗಿದ್ದು, ಡೆನ್ಮಾರ್ಕಿನಲ್ಲಿ 36 ವರುಷ ಮಾತ್ರವೇ ಇತ್ತೆಂದು ಪಾನುಮನು ಲೆಕ್ಕಹಾಕಿದನು. ದೊಡ್ಡ ಪಟ್ಟಣಗಳಲ್ಲಿ ಮಕ್ಕಳನ್ನು ಕೊಲ್ಲುವ ಅಂಟುಬೇನೆಗಳು ಈ ದ್ವೀಪಗಳಿಗೆ ಅಪರೂಪವಾಗಿ ಬರುತ್ತಿದ್ದದ್ದು ಅದಕ್ಕೆ ಒಂದು ಕಾರಣವಾಗಿತ್ತು. ದಡಾರವಂತೂ 1781ರ ತರುವಾಯ ಅಲ್ಲಿಗೆ ಬಂದದ್ದೇ ಇಲ್ಲ.

ಆದರೆ ಹಾಗೆ ಕಾಯಲ್ಪಟ್ಟ ಜನರೇ ಬಹಳ ಅಪಾಯದಲ್ಲಿದ್ದರು. 1846ನೆಯ ಮಾರ್ಚಿ ತಿಂಗಳಲ್ಲಿ ಒಬ್ಬ ಬಡಗಿಯು ಕೋಪನ್‌ಹೇಗನಿನಿಂದ ಹಡಗು ಹತ್ತಿ, 28ನೆಯ ತಾರೀಖಿನಲ್ಲಿ ಟೋರ್ಸ್‌ಹಾವ್ನ್ ಎಂಬ ಮುಖ್ಯ ಪಟ್ಟಣದಲ್ಲಿ ಇಳಿದನು. ಹಡಗಿನಿಂದ ಇಳಿಯುವಾಗ ಅವನು ಸೌಖ್ಯವಾಗಿಯೇ ಇದ್ದನು. ಏಪ್ರಿಲ್ ಮೊದಲಲ್ಲಿ ದಡಾರವು ಅವನ ಮೈಮೇಲೆ ಕಾಣಿಸಿಕೊಂಡಿತು. ಸ್ವಲ್ಪ ಕಾಲದೊಳಗೆ ಅವನ ಹತ್ತಿರದ ಇಬ್ಬರು ಸ್ನೇಹಿತರು ಮಲಗಿದರು. ಅವರಿಂದ ಇತರರಿಗೂ, ಪಟ್ಟಣದಿಂದ ಹಳ್ಳಿಗಳಿಗೂ, ಒಂದು ದ್ವೀಪದಿಂದ ಇನ್ನೊಂದಕ್ಕೂ ಬೇನೆಯು ಹರಡಿತು. ಕೆಲವೇ ತಿಂಗಳೊಳಗೆ 6,000ಕ್ಕಿಂತ ಹೆಚ್ಚು ಮಂದಿ ಮಲಗಿದರು. 100ಕ್ಕಿಂತ ಹೆಚ್ಚು ಮಂದಿ ಸತ್ತರು. ಹಸುಳೆಗಳೂ ಪ್ರಾಯ ಕಳೆದವರೂ ವಿಶೇಷವಾಗಿ ಕಷ್ಟಪಟ್ಟರು.

ಡೆನ್ಮಾರ್ಕಿನ ಸರಕಾರವು ಪಾನುಮನನ್ನೂ ಮಾನಿಕುಸ್ ಎಂಬ ಇನ್ನೊಬ್ಬ ವೈದ್ಯನನ್ನೂ ಅಲ್ಲಿಗೆ ಕಳುಹಿಸಿತು. ಪಾನುಮನು ರೋಗಿಗಳಿಗೆ ಔಷಧ ಕೊಟ್ಟು ಸುಮ್ಮನಾಗಲಿಲ್ಲ. ಹುಟ್ಟುಗೋಲು ಹಾಕುವ ದೋಣಿಗಳಲ್ಲಿ ಕೂತು, ಬೆಟ್ಟದ ಕಾಲುದಾರಿಗಳನ್ನು ನಡೆದು, ಊರಿಂದೂರಿಗೆ ಹೋಗಿ, ಈ ಮನೆಯಲ್ಲಿ ಮೊದಲು ಯಾರು ಮಲಗಿದರು, ಯಾವ ದಿನ ದದ್ದುಗಳು ತೋರಿದವು, ಅದಕ್ಕೆ ಮುಂಚೆ ಅವರು ಎಲ್ಲಿಗೆ ಹೋಗಿದ್ದರು, ಯಾರನ್ನು ಕಂಡಿದ್ದರು ಎಂದು ಕೇಳಿ ಬರೆದುಕೊಂಡನು. 52 ಊರುಗಳ ಸಂಗತಿಗಳನ್ನು ಹೀಗೆ ಕೂಡಿಸಿದನು.

ಅವುಗಳಲ್ಲಿ ಒಂದು ವಿಶೇಷವಾದದ್ದು. ಜೂನ್ 4ರಲ್ಲಿ ವೆಸ್ಟ್‌ಮನ್ನ ಎಂಬ ರೇವಿನಲ್ಲಿ ತಿಮಿಂಗಿಲಗಳ ಬೇಟೆಯಾಯಿತು. ಅದಕ್ಕೆ ಟ್ಯೋರ್ನುವಿಕ್ ಎಂಬ ಚಿಕ್ಕ ಹಳ್ಳಿಯಿಂದ ಹತ್ತು ಮಂದಿ ಗಂಡಸರು ಹೋಗಿ, ಬೇಟೆ ಮುಗಿಸಿ ಮನೆಗೆ ಬಂದರು. ಅವರಲ್ಲಿ ಯಾವನಿಗೂ ಏನೂ ಆಗಿರಲಿಲ್ಲ. ಜೂನ್ 18ರಲ್ಲಿ ಆ ಹತ್ತು ಮಂದಿಯ ಮೈಮೇಲೂ ದಡಾರವು ಒಂದೇ ದಿನ ತೋರಿತು. ಮತ್ತೆ ಸುಮಾರು ಎರಡು ವಾರಗಳಾದ ಮೇಲೆ ಹಳ್ಳಿಯಲ್ಲಿ ಉಳಿದವರು ಹೆಚ್ಚುಕಡಿಮೆ ಎಲ್ಲರೂ ಮಲಗಿದರು. ಇಂಥ ಲೆಕ್ಕಗಳಿಂದ, ಸೋಂಕು ತಗಲಿದ ದಿನದಿಂದ ದದ್ದು ತೋರುವ ದಿನದ ವರೆಗೆ 13 ಅಥವಾ 14 ದಿನಗಳು ಕಳೆಯುವವೆಂದು ಆತನು ಸ್ಥಾಪಿಸಿದನು. ಹೊರಗೆ ಸೌಖ್ಯವಾಗಿ ಕಾಣುವವನು ಒಳಗೆ ಬೇನೆಯನ್ನು ಹೊತ್ತುಕೊಂಡು ದೂರಕ್ಕೆ ಪ್ರಯಾಣ ಮಾಡಬಹುದೆಂಬದು ಇದರಿಂದ ಸ್ಪಷ್ಟವಾಯಿತು.

ಆ ಕಾಲದಲ್ಲಿ ವೈದ್ಯರೊಳಗೇ ಎರಡು ಪಕ್ಷಗಳಿದ್ದವು. ಅನೇಕರು, ಇಂಥ ಬೇನೆಗಳು ನೆಲದಿಂದಲೂ ಕೆಟ್ಟ ಗಾಳಿಯಿಂದಲೂ ತಾವಾಗಿಯೇ ಹುಟ್ಟುವವೆಂದು ಎಣಿಸುತ್ತಿದ್ದರು. ಪಾನುಮನಾದರೋ, ಕೆಲವು ಊರುಗಳವರು ಬೇನೆಯ ಸುದ್ದಿ ಕೇಳಿದೊಡನೆ ಹೊರಗಿನವರನ್ನು ಸೇರಿಸದೆ ತಮ್ಮನ್ನು ತಾವೇ ಕಾಯ್ದುಕೊಂಡದ್ದನ್ನು ಕಂಡನು. ಅವರಿಗೂ ಅದೇ ಗಾಳಿ, ಅದೇ ನೆಲ, ಅದೇ ಆಹಾರ, ಅದೇ ಹೊಗೆ ತುಂಬಿದ ಮನೆಗಳು. ಆದರೂ ಅವರಿಗೆ ದಡಾರವು ಬರಲಿಲ್ಲ. ಆದಕಾರಣ ಈ ಬೇನೆಯು ಮನುಷ್ಯನಿಂದಲೇ ಮನುಷ್ಯನಿಗೆ ಬರುವದೆಂದು ಆತನು ತೀರ್ಮಾನಿಸಿದನು. ಈ ಬೇನೆಗೆ ಸ್ವಂತ ಕಾಲುಗಳಿಲ್ಲ. ನಮ್ಮ ಕಾಲುಗಳಿಂದಲೇ ಅದು ನಡೆಯುವದು.

ಇನ್ನೊಂದು ಸಂಗತಿಯೂ ಆತನ ಕಣ್ಣಿಗೆ ಬಿತ್ತು. 1781ರಲ್ಲಿ ಮಕ್ಕಳಾಗಿದ್ದು ದಡಾರವನ್ನು ಕಂಡಿದ್ದ ಮುದುಕರು ದ್ವೀಪಗಳಲ್ಲಿ ಇನ್ನೂ ಬದುಕಿದ್ದರು. ಅಂಥ 98 ಮಂದಿಯನ್ನು ಆತನು ಕಂಡು ವಿಚಾರಿಸಲಾಗಿ, 65 ವರುಷಗಳಾದ ಮೇಲೆ ಮನೆಯಲ್ಲಿ ಎಲ್ಲರೂ ಮಲಗಿದ್ದರೂ ಅವರಲ್ಲಿ ಒಬ್ಬರನ್ನಾದರೂ ಬೇನೆಯು ಮುಟ್ಟಿರಲಿಲ್ಲ. ಚಿಕ್ಕಂದಿನಲ್ಲಿ ಅದನ್ನು ಕಾಣದಿದ್ದ ಮುದುಕರಾದರೋ ಮೊಮ್ಮಕ್ಕಳ ಸಂಗಡ ಮಲಗಿದರು. ಹೀಗೆ ದಡಾರವನ್ನು ಮಕ್ಕಳ ಬೇನೆಯೆಂದು ಕರೆಯುವದು ಯಾಕೆಂಬದು ತಿಳಿದುಬಂತು. ಅದು ವಯಸ್ಸನ್ನು ನೋಡುವದಿಲ್ಲ. ತನ್ನನ್ನು ಒಮ್ಮೆಯೂ ಕಾಣದವರನ್ನೇ ಹುಡುಕುವದು. ಜನಸಂದಣಿಯುಳ್ಳ ಪಟ್ಟಣದಲ್ಲಿ ಅದು ಎಂದೂ ಆರದ ಬೆಂಕಿಯಂತೆ ಇರುವದರಿಂದ ಪ್ರತಿಯೊಬ್ಬನನ್ನೂ ಬಾಲ್ಯದಲ್ಲಿಯೇ ಮುಟ್ಟುವದು. ಸ್ವಲ್ಪ ಜನರಿರುವ ದ್ವೀಪದಲ್ಲಾದರೋ ಎಲ್ಲರನ್ನೂ ಒಮ್ಮೆ ಸುಟ್ಟು, ಸೌದೆಯಿಲ್ಲದೆ ತಾನೇ ಆರಿಹೋಗುವದು. ದಡಾರವು ನಿರಂತರವಾಗಿ ಉಳಿಯಬೇಕಾದರೆ ಕೆಲವು ಲಕ್ಷ ಜನರು ಕೂಡಿ ವಾಸಿಸುವ ಸ್ಥಳವು ಬೇಕೆಂದು ಇಪ್ಪತ್ತನೆಯ ಶತಮಾನದಲ್ಲಿ ಲೆಕ್ಕ ಬಲ್ಲವರು ತೋರಿಸಿದ್ದಾರೆ.

ಪಾನುಮನು ತಾನು ಕಂಡದ್ದನ್ನು 1847ರಲ್ಲಿ ಅಚ್ಚುಹಾಕಿಸಿದನು. ಆದರೂ ಆ ಪಾಠವನ್ನು ಲೋಕವು ಬೇಗನೆ ಕಲಿಯಲಿಲ್ಲ. 1875ರಲ್ಲಿ ಫಿಜಿ ದ್ವೀಪಗಳ ದೊರೆಯಾದ ಥಾಕೊಂಬೌ ಎಂಬವನು ಸಿಡ್ನಿ ಪಟ್ಟಣದಿಂದ ಹಡಗಿನಲ್ಲಿ ಹಿಂತಿರುಗುವಾಗ ಅವನ ಪರಿವಾರದೊಂದಿಗೆ ದಡಾರವೂ ಇಳಿಯಿತು. ಕೂಡಿಬಂದ ಮುಖ್ಯಸ್ಥರು ಅದನ್ನು ತಮ್ಮ ತಮ್ಮ ದ್ವೀಪಗಳಿಗೆ ಒಯ್ದರು. ಮನೆಯವರೆಲ್ಲರೂ ಒಟ್ಟಿಗೆ ಮಲಗಿ, ನೀರು ಕೊಡುವವರಾಗಲಿ ಗಂಜಿ ಕಾಸುವವರಾಗಲಿ ಇಲ್ಲದೆ, ಜನರಲ್ಲಿ ಸುಮಾರು ನಾಲ್ಕರಲ್ಲಿ ಒಂದು ಪಾಲು ನಾಶವಾಯಿತು. ಒಂದೇ ಬೇನೆಯು ಒಂದು ಸ್ಥಳದಲ್ಲಿ ಸ್ವಲ್ಪ ಮಂದಿಯನ್ನೂ ಇನ್ನೊಂದು ಸ್ಥಳದಲ್ಲಿ ಬಹುಮಂದಿಯನ್ನೂ ಕೊಲ್ಲುವದಕ್ಕೆ ಆರೈಕೆಯಿಲ್ಲದಿರುವದೂ ಒಂದು ದೊಡ್ಡ ಕಾರಣವೆಂಬದು ಇದರಿಂದ ತಿಳಿಯುವದು.

ಪಾನುಮನ ಉಳಿದ ಜೀವಮಾನವನ್ನು ಕೆಲವು ಮಾತುಗಳಲ್ಲಿ ಹೇಳಬಹುದು. 1853ರಲ್ಲಿ ಕೀಲ್ ಪಟ್ಟಣದ ವಿದ್ಯಾಪೀಠದಲ್ಲಿಯೂ 1864ರಲ್ಲಿ ಕೋಪನ್‌ಹೇಗನಿನಲ್ಲಿಯೂ ಶರೀರಶಾಸ್ತ್ರದ ಅಧ್ಯಾಪಕನಾದನು. ಕೊಳೆತ ಪದಾರ್ಥಗಳಲ್ಲಿರುವ ವಿಷವು ಕುದಿಸಿದರೂ ಅಳಿಯುವದಿಲ್ಲವೆಂದು 1856ರಲ್ಲಿ ತೋರಿಸಿದನು. 1884ರಲ್ಲಿ ನಾನಾ ದೇಶಗಳ ವೈದ್ಯರು ಕೋಪನ್‌ಹೇಗನಿನಲ್ಲಿ ಕೂಡಿದಾಗ ಆತನೇ ಅಧ್ಯಕ್ಷನಾಗಿದ್ದನು. 1885ನೆಯ ಮೇ 2ರಲ್ಲಿ, 64ನೆಯ ವಯಸ್ಸಿನಲ್ಲಿ, ಮೃತನಾದನು. ಆ ಪಟ್ಟಣದ ದೊಡ್ಡ ವೈದ್ಯವಿದ್ಯಾಶಾಲೆಯೊಂದು ಇಂದಿಗೂ ಆತನ ಹೆಸರಿನಿಂದ ಕರೆಯಲ್ಪಡುತ್ತದೆ.

ದಡಾರವನ್ನು ಉಂಟುಮಾಡುವ ವೈರಸ್ಸು ಪಾನುಮನಿಗೆ ತಿಳಿದಿರಲಿಲ್ಲ. ಅದನ್ನು 1954ರಲ್ಲಿ ಬೇರ್ಪಡಿಸಿ ಬೆಳೆಸಿದರು. ಅದು ರೋಗಿಯ ಉಸಿರಿನಿಂದಲೂ ಕೆಮ್ಮಿನಿಂದಲೂ ಹೊರಬಿದ್ದು, ಮುಚ್ಚಿದ ಕೋಣೆಯ ಗಾಳಿಯಲ್ಲಿ ಎರಡು ತಾಸುಗಳ ವರೆಗೆ ನಿಲ್ಲುವದು. ದದ್ದು ತೋರುವದಕ್ಕೆ ನಾಲ್ಕು ದಿನ ಮುಂಚಿನಿಂದ ನಾಲ್ಕು ದಿನ ಆಮೇಲಿನ ವರೆಗೆ ರೋಗಿಯಿಂದ ಇತರರಿಗೆ ತಗಲುವದು. 1963ರಿಂದ ಇದಕ್ಕೆ ಲಸಿಕೆಯು ದೊರೆಯುತ್ತದೆ. ಬೇನೆಯನ್ನು ಅನುಭವಿಸದೆಯೇ ಆ 98 ಮುದುಕರಿಗಿದ್ದಂಥ ಕಾವಲನ್ನು ಅದು ಮಗುವಿಗೆ ಕೊಡುವದು. ನಮ್ಮ ದೇಶದಲ್ಲಿ ಒಂಭತ್ತು ತಿಂಗಳು ತುಂಬಿದ ಮೇಲೆ ಒಂದು ಸಾರಿಯೂ, ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಎರಡನೆಯ ಸಾರಿಯೂ ಅದನ್ನು ಧರ್ಮಾರ್ಥವಾಗಿ ಹಾಕುತ್ತಾರೆ. ನೂರರಲ್ಲಿ ತೊಂಭತ್ತೈದು ಮಕ್ಕಳು ಎರಡು ಸಾರಿಯೂ ಹಾಕಿಸಿಕೊಂಡ ಊರಿನಲ್ಲಿ ಬೆಂಕಿಗೆ ಸೌದೆ ಸಿಕ್ಕದು; ಇನ್ನೂ ಒಂಭತ್ತು ತಿಂಗಳಾಗದ ಹಸುಳೆಯೂ ನೆರೆಯವರ ಮಕ್ಕಳ ಮರೆಯಲ್ಲಿ ಸುರಕ್ಷಿತವಾಗಿರುವದು.

ಪ್ರಿಯ ಸಭೆಯವರೇ, ರೋಗಿಗಳನ್ನು ನೋಡಹೋಗುವದು ಕ್ರಿಸ್ತನ ಶಿಷ್ಯರ ಕರ್ತವ್ಯವಲ್ಲವೋ, ದೂರ ನಿಲ್ಲುವದು ಪ್ರೀತಿಯಿಲ್ಲದ ಕೆಲಸವಲ್ಲವೋ ಎಂದು ಕೆಲವರು ಕೇಳಬಹುದು. ಮೋಶೆಯ ಧರ್ಮಶಾಸ್ತ್ರದಲ್ಲಿಯೂ ಚರ್ಮದ ಮೇಲೆ ಸಂಶಯದ ಗುರುತುಳ್ಳವನನ್ನು ಏಳು ದಿನ ಪ್ರತ್ಯೇಕವಾಗಿರಿಸಬೇಕೆಂಬ ನೇಮವುಂಟು. ಅದು ಪಾಳೆಯದವರೆಲ್ಲರ ಹಿತಕ್ಕಾಗಿತ್ತು. ಆದಕಾರಣ ಒಮ್ಮೆ ದಡಾರವನ್ನು ಕಂಡವರೂ ಲಸಿಕೆಯನ್ನು ಪೂರ್ತಿಯಾಗಿ ಹಾಕಿಸಿಕೊಂಡವರೂ ಬೇನೆಯಿರುವ ಮನೆಗೆ ಹೋಗಿ, ನೀರು ಗಂಜಿಗಳನ್ನು ಕೊಟ್ಟು, ಮಗುವನ್ನು ಆಸ್ಪತ್ರೆಗೆ ತೋರಿಸಲಿಕ್ಕೆ ಸಹಾಯಮಾಡಿ ಪ್ರಾರ್ಥಿಸಲಿ. ಹಾಲು ಕುಡಿಯುವ ಕೂಸುಗಳನ್ನು ಎತ್ತಿಕೊಂಡು ಯಾರೂ ಅಲ್ಲಿಗೆ ಹೋಗದಿರಲಿ. ಬೇನೆಯಿರುವ ಮಗುವನ್ನು ದೇವಾಲಯಕ್ಕೂ ಮದುವೆಯ ಮನೆಗೂ ತಾರದಿರಲಿ. ಕೆಲಸಕ್ಕಾಗಿ ಗುಳೆ ಹೋಗುವವರು ಲಸಿಕೆಯ ಚೀಟಿಯನ್ನು ಜೋಪಾನವಾಗಿ ಸಂಗಡ ಒಯ್ಯಲಿ. ಹೋದ ಊರಿನಲ್ಲಿಯೂ ಎರಡನೆಯ ಸಾರಿಯದನ್ನು ಹಾಕಿಸಬಹುದು.

ದೇವರು ಪಾನುಮನಿಗೆ ಕೊಟ್ಟ ವರಗಳು ಕೇಳುವ ಕಿವಿ, ದಿನಗಳನ್ನೆಣಿಸುವ ತಾಳ್ಮೆ, ನಡೆಯುವ ಕಾಲು ಇಂಥವುಗಳೇ. ಅವುಗಳ ಫಲವು ಇಂದಿಗೂ ಎಷ್ಟೋ ತೊಟ್ಟಿಲುಗಳನ್ನು ಕಾಯುತ್ತದೆ. ನಮ್ಮ ಮನೆಯ ತೊಟ್ಟಿಲನ್ನೂ ನೆರೆಯವನ ಮನೆಯ ತೊಟ್ಟಿಲನ್ನೂ ಕಾಯುವ ಕೆಲಸವನ್ನು ಆತನು ನಮ್ಮ ಕೈಯಲ್ಲಿಯೂ ಇಟ್ಟಿದ್ದಾನೆ. ಅದನ್ನು ನಂಬಿಗಸ್ತಿಕೆಯಿಂದ ನಡಿಸುವಂತೆ ಆತನೇ ನಮಗೆ ಸಹಾಯಮಾಡಲಿ.